ಜಿಬ್ರಾಲ್ಟರ್‌ನಲ್ಲಿ ಕತ್ತಲಾದ್ಮೇಲೆ ಎಲ್ಲಿಗೆ ಹೋಗೋದು? ನಿಮ್ಮ ಪ್ರಶ್ನೆ, ಅಕ್ಕನ ಉತ್ತರ

ಹೋದ ಸಂಚಿಕೇಲಿ ಯಾವ್ದೋ ಮಾತಿಗೆ "ನಾನು ಆರು ವರ್ಷ ಲಾ ಲೀನಿಯದಲ್ಲಿದ್ದೆ, ನಮ್ಮನೆಯವ್ರು ದಿನಾ ಬೆಳಗ್ಗೆ ಟಿಫನ್ ಡಬ್ಬಿ ಹಿಡ್ಕೊಂಡು ನಡ್ಕೊಂಡೇ ಗಡಿ ದಾಟಿ ಜಿಬ್ರಾಲ್ಟರ್‌ಗೆ ಕೆಲ್ಸಕ್ಕೆ ಹೋಗೋರು" ಅಂತ ಒಂದು ಸಾಲು ಬರ್ದಿದ್ದೆ ಅಷ್ಟೇ, ಅದಕ್ಕೆ ಇಷ್ಟೊಂದು ಪತ್ರ ಬರುತ್ತೆ ಅಂತ ನಂಗೆ ಕನಸಲ್ಲೂ ಇರ್ಲಿಲ್ಲ. ಅದ್ರಲ್ಲೂ ಮುಕ್ಕಾಲು ಪಾಲು ಪತ್ರದಲ್ಲಿ ಒಂದೇ ಪ್ರಶ್ನೆ, ರಾತ್ರಿ ಹೊತ್ತು ಅಲ್ಲಿ ಏನಿರುತ್ತೆ ಅಂತ. ಹಗಲು ಕೋತಿ ನೋಡೋದು ಗುಹೆ ನೋಡೋದು ಎಲ್ಲಾ ಯೂಟ್ಯೂಬಲ್ಲೇ ಸಿಗುತ್ತೆ, ರಾತ್ರಿದು ಯಾರೂ ಹೇಳಲ್ಲ ಅಂತೆ. ಸರಿ, ಈ ಸಲ ಪೂರ್ತಿ ಅದೇ.

ಗೊತ್ತಿಲ್ದೋರಿಗೆ ಎರಡು ಮಾತು. ಸ್ಪೇನ್‌ನ ದಕ್ಷಿಣದ ತುದೀಲಿ, ಮೆಡಿಟರೇನಿಯನ್ ಸಮುದ್ರದ ಬಾಗಿಲಲ್ಲಿ ಒಂದು ದೊಡ್ಡ ಬಂಡೆ, 426 ಮೀಟರ್ ಎತ್ತರ, ಅದರ ಕಾಲಡೀಲಿ ಊರು. ಒಟ್ಟು ಜಾಗ 6.8 ಚದರ ಕಿಲೋಮೀಟರ್, ಅಂದ್ರೆ ನಮ್ಮ ಲಾಲ್‌ಬಾಗ್ ಥರದ್ದು ಏಳು ಪಕ್ಕ ಪಕ್ಕ ಇಟ್ರೆ ಮುಗೀತು. ಜನ ಸುಮಾರು 34 ಸಾವಿರ. 1704ರಿಂದ ಬ್ರಿಟಿಷರ ಕೈಲಿದೆ, ಸ್ಪೇನ್‌ನೋರು ಇವತ್ತಿಗೂ ನಮ್ದು ಅಂತಾರೆ. ಗಡಿ ಈಚೆಗಿರೋ ಸ್ಪೇನ್ ಊರೇ ಲಾ ಲೀನಿಯ, ಹೆಸರಿನ ಅರ್ಥನೇ "ಗೆರೆ".

ಪ್ರಶ್ನೆ: ನಮ್ಮ ಮಗ ಜಿಬ್ರಾಲ್ಟರ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಂಪನೀಲಿ ಕೆಲ್ಸಕ್ಕಿದಾನೆ. ಸೆಪ್ಟೆಂಬರ್ ಮೊದಲೆರಡು ವಾರ ನಾನೂ ನಮ್ಮ ಯಜಮಾನ್ರೂ ಹೋಗ್ತಿದೀವಿ. ಅವ್ನು ಸಂಜೆ ಬಂದ್ಮೇಲೆ ಹೊರಗೆ ಹೋಗೋಕೆ ಏನಾದ್ರೂ ಇದ್ಯಾ, ಇಲ್ಲ ಎಂಟು ಗಂಟೆಗೆ ಊರೇ ಮಲ್ಗುತ್ತಾ? ನಾವಿಬ್ರೂ ಅರವತ್ತು ದಾಟಿದೋರು. — ದಾವಣಗೆರೆಯಿಂದ ಓದುಗಿ

ಊರು ಮಲಗಲ್ಲ, ಆದ್ರೆ ಅಂಗಡಿ ಮಲಗುತ್ತೆ. ಮೈನ್ ಸ್ಟ್ರೀಟ್ ಅಂತ ಒಂದೇ ಉದ್ದನೆ ಪೇಟೆ ಬೀದಿ, ಹಗಲು ಅಲ್ಲಿ ಕಾಲಿಡೋಕೆ ಜಾಗ ಇರಲ್ಲ, ಸಂಜೆ ಏಳರ ಮೇಲೆ ಹೋದ್ರೆ ಶಟರ್ ಎಳ್ದು ಬಿಕೋ ಅಂತಿರುತ್ತೆ, ಮೊದಲ್ನೇ ದಿನ ನೋಡಿದೋರಿಗೆ ಬಂದ್ ಇರ್ಬೇಕು ಅನ್ಸುತ್ತೆ. ಸೆಂಟು, ಎಲೆಕ್ಟ್ರಾನಿಕ್ಸ್ ಏನಾದ್ರೂ ತಗೋಬೇಕಂದ್ರೆ ಅದಕ್ಕೆ ಮುಂಚೆನೇ ಮುಗಿಸ್ಕೊಳಿ. ಆ ಅಂಗಡಿಗಳಲ್ಲಿ ಎಷ್ಟೋ ನಮ್ಮ ಸಿಂಧಿಗಳದ್ದು, 1869ರಲ್ಲಿ ಸೂಯೆಜ್ ಕಾಲುವೆ ತೆಗೆದ ಮೇಲೆ ಹಡಗಿನ ದಾರಿ ಹಿಡ್ಕೊಂಡು ಬಂದು ನೆಲೆ ನಿಂತ ಮನೆತನಗಳು. ಎಂಜಿನಿಯರ್ ಲೇನ್‌ನಲ್ಲಿ 2000ನೇ ಇಸ್ವಿಯಿಂದ ಹಿಂದೂ ದೇವಸ್ಥಾನನೂ ಇದೆ. ನಿಮ್ಮೆಜಮಾನ್ರು ಹಿಂದೀಲಿ ಚೌಕಾಸಿ ಶುರು ಮಾಡಿದ್ರೆ ಆಶ್ಚರ್ಯ ಇಲ್ಲ.

ರಾತ್ರಿ ಜನ ಸೇರೋದು ಮೈನ್ ಸ್ಟ್ರೀಟಿನ ಉತ್ತರದ ತುದೀಲಿರೋ ಕೇಸ್‌ಮೇಟ್ಸ್ ಚೌಕದಲ್ಲಿ. ದೊಡ್ಡ ಕಲ್ಲು ಹಾಸಿನ ಅಂಗಳ, ಒಂದು ಕಡೆ 1817ರಲ್ಲಿ ಕಟ್ಟಿ ಮುಗಿಸಿದ ಸೈನಿಕರ ಬ್ಯಾರಕ್ಕು, ಫಿರಂಗಿ ಗುಂಡು ಬಿದ್ರೂ ಏನೂ ಆಗ್ಬಾರ್ದು ಅಂತ ಕಟ್ಟಿರೋ ಕಮಾನಿನ ಕೋಣೆಗಳು, ಈಗ ಅದ್ರ ಕೆಳಗೆಲ್ಲ ಪಬ್ಬು ಹೋಟ್ಲು. ಒಂದು ಕಾಲದಲ್ಲಿ ಅಪರಾಧಿಗಳನ್ನ ಗಲ್ಲಿಗೆ ಹಾಕ್ತಿದ್ದ ಅಂಗಳನೂ ಅದೇ, ಈಗ ಮಕ್ಕಳು ಸ್ಕೂಟರ್ ಓಡಿಸ್ತಾವೆ. ಹೊರಗಡೆ ಕುರ್ಚಿ ಹಿಡ್ದು ಒಂದು ಕಾಫಿ ತಗೊಂಡು ಎರಡು ಗಂಟೆ ಕೂತ್ರೂ ಯಾರೂ ಎದ್ದೇಳಿ ಅನ್ನಲ್ಲ. ಮೇಲೆ ನೋಡಿದ್ರೆ ಬಂಡೆ, ರಾತ್ರಿ ದೀಪ ಬಿಟ್ಟಿರ್ತಾರೆ, ಒಳ್ಳೆ ಯಾರೋ ತಲೆ ಮೇಲೆ ನಿಂತು ನೋಡ್ತಿರೋ ಹಂಗೆ ಕಾಣ್ಸುತ್ತೆ.

ಯುವಕರ ಗಲಾಟೆ, ಮ್ಯೂಸಿಕ್ಕು, ಕ್ಯಾಸಿನೊ ಎಲ್ಲ ಓಷನ್ ವಿಲೇಜ್ ಅನ್ನೋ ಕಡೆ, ಯಾಟುಗಳು ನಿಲ್ಲೋ ಜಾಗ, ಹಡಗನ್ನೇ ಹೋಟೆಲ್ ಮಾಡಿ ಕಟ್ಟಿ ಹಾಕಿದಾರೆ. ನಿಮ್ಗೆ ಒಂದ್ಸಲ ನೋಡೋಕೆ ಸಾಕು. ನಿಮ್ಮಂಥೋರಿಗೆ ನಾನು ಹೇಳೋದು ಕ್ವೀನ್ಸ್‌ವೇ ಕೀ, ಅದೂ ದೋಣಿಕಟ್ಟೆನೇ ಆದ್ರೆ ನಿಧಾನದ್ದು, ನೀರಿನ ಪಕ್ಕ ನಡೀಬಹುದು, ಅಲ್ಲಿಂದ ಕೊಲ್ಲಿ ಪೂರ್ತಿ ಕಾಣುತ್ತೆ. ಈ ಕೊಲ್ಲಿ ರಾತ್ರಿ ನೋಡ್ಬೇಕು ನೀವು. ಹಡಗುಗಳು ಎಣ್ಣೆ ತುಂಬಿಸ್ಕೊಳೋಕೆ ಸಾಲಾಗಿ ಲಂಗರು ಹಾಕಿರ್ತಾವೆ, ನಮ್ಮನೆಯವ್ರ ಕೆಲ್ಸನೂ ಅದೇ ಆಗಿತ್ತು, ಪ್ರತಿ ಹಡಗಲ್ಲೂ ದೀಪ, ಆಚೆ ದಡದಲ್ಲಿ ಆಲ್ಹೆಸೀರಾಸ್ ಬಂದರಿನ ಕ್ರೇನ್‌ಗಳ ದೀಪ, ನೀರಿನ ಮೇಲೆ ಇನ್ನೊಂದು ಊರೇ ಎದ್ದಂಗಿರುತ್ತೆ. ನಮ್ಮತ್ತೆ ಬಂದಾಗ ಅದನ್ನ ನೋಡಿ "ದೀಪಾವಳಿ ಅಲ್ವಲ್ಲ ಇವತ್ತು" ಅಂದಿದ್ರು.

ಸೆಪ್ಟೆಂಬರ್ 10 ನಿಮ್ಮ ಪ್ರವಾಸದೊಳಗೇ ಬರುತ್ತೆ, ಅದೃಷ್ಟ ನಿಮ್ದು. ಅವ್ರ ನ್ಯಾಷನಲ್ ಡೇ. 1967ರ ಅದೇ ದಿನ ಜನಮತ ತಗೊಂಡ್ರು, ಬ್ರಿಟನ್ ಜೊತೆ ಇರ್ತೀವಿ ಅಂದೋರು 12,138, ಸ್ಪೇನ್ ಕಡೆ ಹೋಗ್ತೀವಿ ಅಂದೋರು 44 ಜನ. ಆ ದಿನ ಊರಿಗೂರೇ ಕೆಂಪು ಬಿಳಿ ಬಟ್ಟೆ, ರಾತ್ರಿ ಪಟಾಕಿ. ಒಂದು ಕೆಂಪು ಶಾಲು, ಬಿಳಿ ಸೀರೆ ಇದ್ರೆ ಪೆಟ್ಟಿಗೇಲಿ ಹಾಕ್ಕೊಳಿ, ಫೋಟೋಗೆ ಜನ ಕ್ಯೂ ನಿಲ್ತಾರೆ ನೋಡ್ತಾ ಇರಿ. ಜೊತೆಗೆ ಒಂದು ಸ್ವೆಟರ್ರೂ ಇರ್ಲಿ, ಪೂರ್ವದ ಗಾಳಿ ಬೀಸಿದ್ರೆ ಬಂಡೆ ತುದೀಲಿ ಒಂದು ಮೋಡ ಹಿಡ್ಕೊಂಡು ಬಿಡಲ್ಲ, ಅದಕ್ಕೆ ಲೆವಾಂಟರ್ ಅಂತಾರೆ, ಆವಾಗ ರಾತ್ರಿ ಮೈಯೆಲ್ಲ ತೇವ ತೇವ.

ಪ್ರಶ್ನೆ: ಅಕ್ಕಾರ, ನಾ ಹುಬ್ಬಳ್ಳಿ ಹುಡುಗ, ಇಲ್ಲಿ ಬಂದು ಆರು ತಿಂಗಳಾತ್ರಿ. ಆಫೀಸ್ ಜಿಬ್ರಾಲ್ಟರ್‌ದಾಗ, ಬಾಡಿಗಿ ಕಟ್ಟಾಕ ಆಗಂಗಿಲ್ಲಂತ ರೂಮ್ ಲಾ ಲೀನಿಯದಾಗ. ಶುಕ್ರವಾರ ಸಂಜಿ ಎಲ್ಲಾರೂ ಪಬ್ಬಿಗೆ ಹೋಗೂಣು ಅಂತಾರ. ನಾ ಕುಡಿಯಂಗಿಲ್ಲ, ಮೊಟ್ಟಿನೂ ತಿನ್ನಂಗಿಲ್ಲ. ಹೋದ್ರ ಬ್ಯಾಸರ, ಹೋಗ್ಲಿಲ್ಲಂದ್ರ ಸೋಮವಾರ ಅವರೆಲ್ಲಾ ನಗೋದು ನನಗ ತಿಳಿಯಂಗಿಲ್ಲ. ಏನ್ ಮಾಡ್ಲಿ ಹೇಳ್ರಿ.

ತಮ್ಮಾ, ಹೋಗು. ನಾನೂ ಮೊದಲೆರಡು ವರ್ಷ ಮನೇಲೇ ಕೂತು ಸೀರಿಯಲ್ ನೋಡಿ ಹಾಳು ಮಾಡ್ಕೊಂಡೆ, ಆಮೇಲೆ ಪಶ್ಚಾತ್ತಾಪ ಪಟ್ಟೆ. ಅಲ್ಲಿ ಪರಿಚಯ ಆಗೋದು, ಮನೆ ಸಿಗೋದು, ಕೆಲ್ಸ ಬದಲಾಯ್ಸೋ ಸುದ್ದಿ ಸಿಗೋದು ಎಲ್ಲಾ ರಾತ್ರಿನೇ.

ಆದ್ರೆ ಎರಡು ಕಡೇದೂ ಪದ್ಧತಿ ಬೇರೆ, ಅದು ಗೊತ್ತಿದ್ರೆ ಅರ್ಧ ಸಂಕಟ ಹೋಯ್ತು. ಜಿಬ್ರಾಲ್ಟರ್ ಪಬ್ಬು ಅಂದ್ರೆ ಇಂಗ್ಲೆಂಡಿನ ಪದ್ಧತಿ, ಅಲ್ಲಿ "ರೌಂಡ್" ನಡೆಯುತ್ತೆ. ನಾಲ್ಕು ಜನ ಹೋದ್ರೆ ಒಬ್ಬ ಎದ್ದು ಕೌಂಟರಿಗೆ ಹೋಗಿ ನಾಲ್ಕೂ ಜನಕ್ಕೆ ತರ್ತಾನೆ, ಆಮೇಲೆ ಇನ್ನೊಬ್ಬನ ಸರದಿ. ನೀನು ಜ್ಯೂಸೇ ಕುಡಿ, ಯಾರೂ ಏನೂ ಅನ್ನಲ್ಲ, ಆದ್ರೆ ಬೇರೆಯವ್ನು ತಂದ ಜ್ಯೂಸ್ ಕುಡ್ದು ನಿನ್ನ ಸರದಿ ಬರೋಕೆ ಮುಂಚೆ ಬ್ಯಾಗ್ ಎತ್ಕೊಂಡು ಹೊರಟ್ಯೋ, ಅದನ್ನ ಮಾತ್ರ ವರ್ಷಗಟ್ಲೆ ನೆನಪಿಟ್ಕೊಂಡಿರ್ತಾರೆ. ಬೇಗ ಹೋಗ್ಬೇಕು ಅಂತಿದ್ರೆ ಮೊದಲ್ನೇ ರೌಂಡ್ ನೀನೇ ತಂದ್ಬಿಡು. ಲೆಕ್ಕ ಚುಕ್ತಾ, ಮರ್ಯಾದೆನೂ ಉಳೀತು. ಮೂರು ಜನರ ಬಿಯರ್ ದುಡ್ಡು ಕೊಟ್ಟು ಒಂದು ಜ್ಯೂಸ್ ಕುಡೀಬೇಕಲ್ಲಾ ಅಂತ ಹೊಟ್ಟೆ ಉರಿಯುತ್ತೆ, ಉರೀಲಿ ಬಿಡು.

ಲಾ ಲೀನಿಯ ಕಡೆ ಬೇರೆ. ಅಲ್ಲಿ ಗುಂಪಲ್ಲಿ ಹೋದ್ರೆ ಒಬ್ಬೊಬ್ರೂ ಇಷ್ಟಿಷ್ಟು ಅಂತ ಮೊದಲೇ ಒಂದ್ಕಡೆ ದುಡ್ಡು ಹಾಕಿ ಅದ್ರಲ್ಲೇ ಎಲ್ಲ ಬಿಲ್ ಕಟ್ಟೋದು ಉಂಟು, "ಬೋತೆ" ಅಂತಾರೆ, ಅಂದ್ರೆ ಡಬ್ಬಿ. ಒಂದೇ ಕಡೆ ಕೂರಲ್ಲ, ಒಂದು ಬಾರಲ್ಲಿ ನಿಂತ್ಕೊಂಡು ಒಂದು ಚೂರು ತಿಂದು ಮುಂದಿನದಕ್ಕೆ ನಡಿ. "ಮೊಸ್ತೊ" ಅಂತ ಕೇಳು, ದ್ರಾಕ್ಷಿ ರಸ, ಹುಳಿ ಬರ್ಸಿಲ್ದೇ ಇರೋದು, ವೈನ್ ಗ್ಲಾಸಲ್ಲೇ ಕೊಡ್ತಾರೆ, ಕೈಲಿ ಗ್ಲಾಸಿದ್ರೆ ಯಾರೂ "ಯಾಕೆ ಕುಡೀತಿಲ್ಲ" ಅಂತ ಕೇಳಲ್ಲ.

ಊಟದ್ದು ನಿಜವಾದ ಗೋಳು. "ವೆಜಿಟೇರಿಯನ್" ಅಂದ್ರೆ ತಲೆ ಆಡಿಸ್ತಾರೆ, ಆಮೇಲೆ ಸಲಾಡ್ ಮೇಲೆ ಟ್ಯೂನಾ ಮೀನು ಉದುರಿಸ್ಕೊಂಡು ಬರ್ತಾರೆ. ನಂಗೊಬ್ಬ ಬಾರಿನ ಅಜ್ಜ, ತುಂಬಾ ಒಳ್ಳೆ ಮನುಷ್ಯ, ಮಾಂಸ ಬೇಡ ಅಂದಿದ್ದಕ್ಕೆ ಪಾಪ ತಣ್ಣಗಿನ ಟೊಮೇಟೊ ಸೂಪ್ ತಂದಿಟ್ಟ, ಮೇಲೆ ಹಂದಿ ಮಾಂಸದ ಚೂರು. ಇದೇನಪ್ಪಾ ಅಂದ್ರೆ "ಇದು ಮಾಂಸ ಅಲ್ಲಮ್ಮ, ಹಾಮೋನು" ಅಂದ! ಅದಕ್ಕೆ ಈ ಮಂತ್ರ ಬಾಯಿಪಾಠ ಮಾಡ್ಕೊ: "ನೋ ಕೋಮೊ ಕಾರ್ನೆ, ನಿ ಹಾಮೋನ್, ನಿ ಪೆಸ್ಕಾದೊ, ನಿ ಅತೂನ್, ನಿ ಉಏವೊ." ಮಾಂಸ, ಹಾಮೋನ್, ಮೀನು, ಟ್ಯೂನಾ, ಮೊಟ್ಟೆ ಒಂದೂ ತಿನ್ನಲ್ಲ ಅಂತ. ಒಂದೊಂದೂ ಹೆಸರು ಹಿಡ್ದು ಹೇಳ್ಬೇಕು, ಒಟ್ಟಾಗಿ ಹೇಳಿದ್ರೆ ಕೆಲ್ಸ ಆಗಲ್ಲ. ಆಮೇಲೆ ಎರಡು ಹೆಸರು ನೆನಪಿಟ್ಕೊ. "ಎಸ್ಪಿನಾಕಾಸ್ ಕೋನ್ ಗರ್ಬಾನ್ಸೋಸ್", ಪಾಲಕ್ ಸೊಪ್ಪಿಗೆ ಕಾಬೂಲಿ ಕಡ್ಲೆ, ಜೀರಿಗೆ ಬೆಳ್ಳುಳ್ಳಿ ಹಾಕಿರ್ತಾರೆ, ಒಂದು ರೊಟ್ಟಿ ಇದ್ದಿದ್ರೆ ನಿಂಗೆ ಊರೇ ನೆನಪಾಗ್ತಿತ್ತು. ಇನ್ನೊಂದು "ಬೆರೆನ್‌ಹೇನಾಸ್ ಕೋನ್ ಮಿಯೆಲ್", ಬದನೆಕಾಯಿ ತೆಳ್ಳಗೆ ಹೆಚ್ಚಿ ಹಿಟ್ಟಲ್ಲಿ ಅದ್ದಿ ಕರ್ದು ಮೇಲೆ ಕಬ್ಬಿನ ಕಾಕಂಬಿ ಸುರೀತಾರೆ. ಬದನೆಕಾಯಿ ಬಜ್ಜಿಗೆ ಜೋನಿಬೆಲ್ಲ ಹಾಕ್ದಂಗೆ, ಕೇಳೋಕೆ ವಿಚಿತ್ರ, ತಿಂದ್ರೆ ಬಿಡಲ್ಲ ನೀನು. ಹಿಟ್ಟಲ್ಲಿ ಮೊಟ್ಟೆ ಇದ್ಯಾ ಅಂತ ಮಾತ್ರ ಕೇಳ್ಕೊ.

ಹೊತ್ತೂ ಬೇರೆ. ಗಡಿಯಾರ ಎರಡೂ ಕಡೆ ಒಂದೇ ಟೈಮ್ ತೋರ್ಸುತ್ತೆ, ಹೊಟ್ಟೆ ಮಾತ್ರ ಬೇರೆ ಟೈಮಲ್ಲಿ ನಡೆಯುತ್ತೆ. ಜಿಬ್ರಾಲ್ಟರ್‌ನಲ್ಲಿ ಏಳು ಏಳೂವರೆಗೆ ಊಟಕ್ಕೆ ಕೂರ್ತಾರೆ, ಲಾ ಲೀನಿಯದಲ್ಲಿ ಅಡುಗೆಮನೆ ಒಲೆ ಹೊತ್ತೋದೇ ಎಂಟೂವರೆ ಒಂಬತ್ತಕ್ಕೆ. ಹಂಗಾಗಿ ಶಾಣ್ಯಾ ಇದ್ದೋರು ಮಾಡೋದೇನಂದ್ರೆ ಸಂಜೆ ಬಂಡೆ ಕಡೆ ಶುರು ಮಾಡಿ, ಒಂಬತ್ತಕ್ಕೆ ಗಡಿ ದಾಟಿ, ಈಚೆ ಊಟ ಮಾಡೋದು. ನಿನ್ನ ರೂಮೂ ಈಚೆನೇ ಇರೋದ್ರಿಂದ ನಿಂಗೆ ಇದು ವರ. ಇನ್ನೂ ಒಂದು, ಆಫೀಸಲ್ಲಿ ಯಾರಾದ್ರೂ "ಕಾಯೆ ರೆಯಾಲ್‌ನಲ್ಲಿ ಸಿಗೋಣ" ಅಂದ್ರೆ ಯಾವ್ದು ಅಂತ ಕೇಳ್ಕೊ. ಜಿಬ್ರಾಲ್ಟರ್‌ನ ಹಳಬ್ರು ಮೈನ್ ಸ್ಟ್ರೀಟನ್ನ ಸ್ಪ್ಯಾನಿಷಲ್ಲಿ ಹಂಗೇ ಕರೀತಾರೆ, ಲಾ ಲೀನಿಯದಲ್ಲೂ ಅದೇ ಹೆಸರಿನ ಬೀದಿ ಇದೆ. ನಾನು ಒಂದ್ಸಲ ಮುಕ್ಕಾಲು ಗಂಟೆ ತಪ್ಪು ದೇಶದಲ್ಲಿ ಕಾದಿದೀನಿ.

ಅವ್ರ ನಗು ಅರ್ಥ ಆಗ್ದೇ ಇರೋಕೆ ನೀನು ಕುಡೀದೇ ಇರೋದು ಕಾರಣ ಅಲ್ಲ, ಅವ್ರ ಭಾಷೆ. ಅದಕ್ಕೆ ಯಾನಿತೊ ಅಂತಾರೆ, ಒಂದೇ ವಾಕ್ಯದಲ್ಲಿ ಅರ್ಧ ಸ್ಪ್ಯಾನಿಷ್ ಅರ್ಧ ಇಂಗ್ಲಿಷ್. "ತೆ ಯಾಮೊ ಪಾ ತ್ರಾಸ್" ಅಂತಾರೆ ಫೋನಲ್ಲಿ, ಕಾಲ್ ಬ್ಯಾಕ್ ಅನ್ನೋದನ್ನ ಹಂಗೇ ಎತ್ತಿ ಸ್ಪ್ಯಾನಿಷಿಗೆ ಹಾಕಿದ್ದು, ಸ್ಪೇನ್‌ನೋರು ಕೇಳಿದ್ರೆ ನಗ್ತಾರೆ. "ಕಾಲ್ ಬ್ಯಾಕ್ ಮಾಡ್ತೀನ್ರಿ" ಅನ್ನೋ ಹುಬ್ಬಳ್ಳಿ ಹುಡುಗಂಗೆ ಇದು ಕಲಿಯೋದೇನು ಕಷ್ಟ ಅಲ್ಲ. ನಾಲ್ಕು ಶುಕ್ರವಾರ ಸಾಕು.

ಪ್ರಶ್ನೆ: ಒಬ್ಬಳೇ ಹೆಣ್ಣುಮಗಳು ರಾತ್ರಿ ಹನ್ನೆರಡರ ಮೇಲೆ ಗಡಿ ದಾಟಿ ನಡ್ಕೊಂಡು ಬರ್ಬಹುದಾ? ಗಡಿ ರಾತ್ರಿ ಮುಚ್ತಾರಾ? — ಬೆಂಗಳೂರು, ಅಲ್ಲಿಗೆ ಹೊಸ ಕೆಲ್ಸಕ್ಕೆ ಹೋಗ್ತಿರೋಳು

ಮುಚ್ಚಲ್ಲ, ಇಪ್ಪತ್ನಾಲ್ಕು ಗಂಟೆನೂ ತೆಗ್ದಿರುತ್ತೆ. ಕೇಸ್‌ಮೇಟ್ಸಿಂದ ನಡ್ಕೊಂಡ್ರೆ ಇಪ್ಪತ್ತು ನಿಮಿಷ, ಲ್ಯಾಂಡ್‌ಪೋರ್ಟ್ ಅನ್ನೋ ಹಳೇ ಕೋಟೆ ಸುರಂಗ ದಾಟಿ, ಆಮೇಲೆ ವಿಮಾನದ ರನ್‌ವೇ ದಾಟಿ. ಹೌದು, ರನ್‌ವೇ ಮೇಲೇನೇ. 2023ರ ಮಾರ್ಚ್ ತನಕ ಕಾರು ಬಸ್ಸು ಎಲ್ಲಾ ಅದ್ರ ಮೇಲೇ ಹೋಗ್ತಿದ್ವು, ಈಗ ಅವಕ್ಕೆ ಕೆಳಗಡೆ ಸುರಂಗ ಮಾಡಿದಾರೆ, ನಡಿಯೋರು ಮೇಲೇ ಹೋಗ್ಬಹುದು, ವಿಮಾನ ಬರುವಾಗ ತಡೀತಾರೆ. ರಾತ್ರಿ ಅಷ್ಟಗಲ ಖಾಲಿ ಜಾಗದಲ್ಲಿ ಸಮುದ್ರದ ಗಾಳಿ ಎರಡೂ ಕಡೆಯಿಂದ ಹೊಡೀತಿರುತ್ತೆ, ದುಪಟ್ಟಾ ಗಟ್ಟಿ ಹಿಡ್ಕೊ.

ಬಂಡೆ ಕಡೆ ನಂಗೆ ಒಂದಿನನೂ ಭಯ ಆಗಿಲ್ಲ. ಊರು ಅಷ್ಟು ಚಿಕ್ದು, ಎಲ್ರಿಗೂ ಎಲ್ರೂ ಗೊತ್ತು, ಲಂಡನ್ ಥರದ ಟೋಪಿ ಹಾಕಿದ ಪೊಲೀಸ್ರು ಓಡಾಡ್ತಿರ್ತಾರೆ. ಲಾ ಲೀನಿಯದಲ್ಲಿ ಪೇಟೆ ಬೀದಿ, ಚರ್ಚಿನ ಚೌಕ ಇಂಥ ಕಡೆ ಹನ್ನೆರಡು ಗಂಟೆಗೂ ಜನ ಇರ್ತಾರೆ. ಬೇಸಿಗೇಲಂತೂ ಮನೆ ಒಳಗೆ ಸೆಕೆ ಅಂತ ಅಜ್ಜಿಯಂದಿರು ಕುರ್ಚಿ ಬೀದಿಗೆ ಹಾಕ್ಕೊಂಡು ಬೀಸಣಿಗೆ ಬೀಸ್ಕೊಂತ ಕೂತಿರ್ತಾರೆ, ಪಕ್ಕದಲ್ಲಿ ಐದು ವರ್ಷದ ಮೊಮ್ಮಗ ರಾತ್ರಿ ಹನ್ನೆರಡೂವರೆಗೆ ಫುಟ್‌ಬಾಲ್ ಆಡ್ತಿರ್ತಾನೆ. ನಮ್ಮ ಬೀದಿ ಅಜ್ಜಿ ನಾನು ಮನೆ ಬಾಗ್ಲು ತೆಗೆಯೋ ತನಕ ನೋಡ್ಕೊಂಡೇ ಇರೋರು, ಮಾರ್ನೇ ದಿನ "ನಿನ್ನೆ ಲೇಟಾಯ್ತು" ಅಂತ ವರದಿನೂ ಒಪ್ಪಿಸೋರು. ಆದ್ರೆ ಸಮುದ್ರದಂಚಿನ ಕತ್ತಲೆ ರಸ್ತೆಗಳಿಗೆ ಹೋಗ್ಬೇಡ. ಅಲ್ಲಿ ತಂಬಾಕು, ಹಶೀಶ್ ಸಾಗಿಸೋ ದಂಧೆ ಇರೋದು ಸುಳ್ಳಲ್ಲ, ಅವ್ರು ನಿನ್ನ ತಂಟೆಗೆ ಬರಲ್ಲ, ಆದ್ರೆ ನೀನು ಅವ್ರ ದಾರೀಲಿ ಇರ್ಬಾರ್ದು. ಏನೇ ಆದ್ರೂ 112, ಎರಡೂ ಕಡೆ ಅದೇ ನಂಬರ್.

ಈಗ ನನ್ನ ಕಥೆ. ಒಂದು ಶನಿವಾರ ಜಿಬ್ರಾಲ್ಟರ್‌ನಲ್ಲಿ ಫ್ರೆಂಡ್ ಹುಟ್ಟುಹಬ್ಬ, ನಮ್ಮನೆಯವ್ರಿಗೆ ನಿದ್ದೆ ಬಂತು ಅಂತ ಹನ್ನೊಂದಕ್ಕೇ ಹೊರಟ್ರು, ಭಾರ ಆಗುತ್ತೆ ತಗೊಂಡೋಗಿ ಅಂತ ನನ್ನ ದೊಡ್ಡ ಬ್ಯಾಗ್ ಅವ್ರ ಕೈಗೇ ಕೊಟ್ಟೆ, ನಾನು ಫೋನು ಲಿಪ್‌ಸ್ಟಿಕ್ ಇಟ್ಕೊಂಡು ಕೂತೆ. ಒಂದೂವರೆಗೆ ಗಡೀಲಿ ನಿಂತಾಗ ತಲೆಗೆ ಹೊಳೀತು, ಪಾಸ್‌ಪೋರ್ಟು ಕಾರ್ಡು ಎರಡೂ ಆ ಬ್ಯಾಗಲ್ಲಿದೆ, ಬ್ಯಾಗು ಸ್ಪೇನ್‌ನಲ್ಲಿದೆ, ನಾನು ಬ್ರಿಟಿಷರ ನೆಲದಲ್ಲಿದೀನಿ. ಮನೆ ಕಣ್ಣಿಗೆ ಕಾಣ್ತಿದೆ ಕಣಮ್ಮ, ಬಾಲ್ಕನಿ ಲೈಟ್ ಸಮೇತ! ಫೋನ್ ಮಾಡಿದ್ರೆ ಎತ್ತಲ್ಲ, ಹದಿಮೂರು ಸಲ ಮಾಡ್ದೆ. ಕೊನೆಗೆ ಎರಡೂಕಾಲಿಗೆ ಪಂಚೆ ಮೇಲೆ ಜಾಕೆಟ್ ಹಾಕ್ಕೊಂಡು ಬ್ಯಾಗ್ ತಗೊಂಡು ಓಡಿ ಬಂದ್ರು, ಕಾವಲಿನೋನು ಪಂಚೇನ ಮೇಲಿಂದ ಕೆಳಗೆ ನೋಡಿ ಏನೂ ಮಾತಾಡ್ದೆ ಇಬ್ರನ್ನೂ ಬಿಟ್ಟ. ಗಡಿ ತಪಾಸಣೆ ತೆಗೀತೀವಿ ಅಂತ 2025ರ ಜೂನಲ್ಲಿ ಬ್ರಿಟನ್ನು, ಯುರೋಪಿಯನ್ ಯೂನಿಯನ್ನು ಒಪ್ಕೊಂಡಿದಾರೆ, ನಿಯಮ ಬದಲಾಗೋ ಕಾಲ ಇದು, ವೀಸಾ ವಿಷ್ಯ ಹೊರಡೋ ಮುಂಚೆ ಸರ್ಕಾರದ ವೆಬ್‌ಸೈಟಲ್ಲೇ ನೋಡ್ಕೊ. ಏನೇ ಬದಲಾಗ್ಲಿ, ನಿನ್ನ ಪಾಸ್‌ಪೋರ್ಟ್ ನಿನ್ನ ಮೈ ಮೇಲೇ ಇರ್ಲಿ, ಗಂಡನ ಕೈಗೆ ಕೊಡ್ಬೇಡ.

ಹಂಗೇ ಫೋನು. ಸ್ಪೇನ್ ಸಿಮ್ ಬಂಡೆ ಕಡೆ ಹೋದ್ರೆ ಅಲ್ಲಿನ ನೆಟ್‌ವರ್ಕ್ ಹಿಡಿಯುತ್ತೆ, ಯುರೋಪಿನ ಫ್ರೀ ರೋಮಿಂಗ್ ಅಲ್ಲಿಗೆ ಸೇರಿದೆ ಅಂತ ಅಂದ್ಕೋಬೇಡ. ಡೇಟಾ ಆಫ್ ಮಾಡ್ಕೊ, ಇಲ್ಲಾಂದ್ರೆ ಬಿಲ್ ನೋಡಿ ಎದೆ ಒಡೆಯುತ್ತೆ.

ಪ್ರಶ್ನೆ: ಮೇಡಂ, ನಾನು ಉಡುಪಿಯವ, ಕ್ರೂಸ್ ಹಡಗಿನಲ್ಲಿ ಕೆಲಸ. ಮುಂದಿನ ಟ್ರಿಪ್ಪಲ್ಲಿ ಜಿಬ್ರಾಲ್ಟರ್‌ನಲ್ಲಿ ಸಂಜೆ ನಾಲ್ಕು ಗಂಟೆ ಬಿಡುವು ಸಿಗ್ತದೆ ಅಂತ ಹೇಳಿದ್ದಾರೆ. ಬಾರ್ ಬೇಡ ಮಾರಾಯ್ರೆ, ಹಡಗಿನಲ್ಲೇ ದಿನಾ ನೋಡಿ ಸಾಕಾಗಿದೆ. ಬೇರೆ ಎಂತ ಉಂಟು?

ಯುರೋಪಾ ಪಾಯಿಂಟಿಗೆ ಹೋಗಿ ಮಾರಾಯ್ರೆ, ಬೇರೆ ಯೋಚ್ನೆನೇ ಬೇಡ. ಬಂಡೆಯ ದಕ್ಷಿಣದ ತುದಿ, 2ನೇ ನಂಬರ್ ಬಸ್ಸು. ಸೂರ್ಯ ಮುಳುಗೋಕೆ ಅರ್ಧ ಗಂಟೆ ಮುಂಚೆ ಅಲ್ಲಿರಿ. 1841ರ ದೀಪಸ್ತಂಭ, ಕೆಂಪು ಬಿಳಿ ಪಟ್ಟೆ, ಅದರ ಹಿಂದೆ ಸೌದಿ ದೊರೆ ದುಡ್ಡಲ್ಲಿ 1997ರಲ್ಲಿ ಆದ ಬೆಳ್ಳನೆ ಮಸೀದಿ, ಹತ್ರದಲ್ಲೇ ಮಾತೆ ಮೇರಿಯ ಹಳೇ ಗುಡಿ. ಎದುರಿಗೆ ಆಫ್ರಿಕಾ! ಗಾಳಿ ಸ್ವಚ್ಛ ಇದ್ರೆ ಮೊರಾಕೊ ಬೆಟ್ಟ ಸಾಲು ಕಡು ನೀಲಿಯಾಗಿ ಕಾಣುತ್ತೆ, ಕತ್ತಲಾಗ್ತಾ ಆಗ್ತಾ ಆ ದಡದಲ್ಲಿ ಒಂದೊಂದೇ ದೀಪ ಹತ್ಕೊಳುತ್ತೆ. ಆ ದೀಪಗಳಲ್ಲಿ ಒಂದು ಗೊಂಚಲು ಸೇವುಟಾ ಅನ್ನೋ ಊರು, ಅದು ಆಫ್ರಿಕಾ ನೆಲದಲ್ಲಿದ್ರೂ ಸ್ಪೇನಿಂದು. ಜಿಬ್ರಾಲ್ಟರ್ ನಮ್ದು ಕೊಡಿ ಅನ್ನೋ ಸ್ಪೇನಿಗೆ ಮೊರಾಕೊ ಹಂಗಾದ್ರೆ ಸೇವುಟಾ ಕೊಡಿ ಅನ್ನುತ್ತೆ. ದೊಡ್ಡೋರ ಜಗಳ, ಬಿಡಿ.

ವಾಪಸ್ ಬಂದು ಕೇಸ್‌ಮೇಟ್ಸಲ್ಲಿ ಏನಾದ್ರೂ ತಿಂದು ಹಡಗಿಗೆ ಇಪ್ಪತ್ತು ನಿಮಿಷ ನಡ್ಕೊಂಡು ಹೋಗ್ಬಹುದು. ಒಂದೇ ಜೋಪಾನ, ಅಂಗಡೀಲಿ ಚಿಲ್ರೆ ಕೊಡುವಾಗ ಜಿಬ್ರಾಲ್ಟರ್ ಪೌಂಡು ಕೊಡ್ತಾರೆ. ಬೆಲೆ ಇಂಗ್ಲೆಂಡ್ ಪೌಂಡಷ್ಟೇ, ಆದ್ರೆ ಲಂಡನ್‌ನಲ್ಲಿ ಅಂಗಡಿಯೋರು ಅದನ್ನ ಮುಟ್ಟಲ್ಲ. ಅಲ್ಲೇ ಖರ್ಚು ಮಾಡಿ ಹಡಗು ಹತ್ತಿ.

ಪ್ರಶ್ನೆ: ಅಲ್ಲಿ ಸಿಗರೇಟು ಬಾಟ್ಲು ಅಗ್ಗ ಅಂತೆ, ರಾತ್ರಿ ಹೊತ್ತು ಚೆಕಿಂಗ್ ಕಮ್ಮಿ ಇರುತ್ತಾ? — ಹೆಸರು ಬೇಡ

ಹೆಸರು ಬೇಡ ಅಂದಾಗ್ಲೇ ಗೊತ್ತಾಯ್ತು. ಅಗ್ಗ ಹೌದು, ಅಲ್ಲಿ ವ್ಯಾಟ್ ಇಲ್ಲ. ಚೆಕಿಂಗ್ ಬಗ್ಗೆ ನಾನು ಹೇಳಲ್ಲ. ಗಡಿ ಹತ್ರ ಯಾರಾದ್ರೂ "ಈ ಒಂದು ಕಾರ್ಟನ್ ಆಚೆ ತನಕ ಹಿಡ್ಕೊಳಿ" ಅಂತ ನಗ್ತಾ ಬಂದ್ರೆ ಕೈ ಜೇಬಲ್ಲಿ ಇಟ್ಕೊಂಡು ನಡೀರಿ.

ಪ್ರಶ್ನೆ: ಜಿಬ್ರಾಲ್ಟರ್‌ನಲ್ಲಿ ಹಿಂದೆ ರಾತ್ರಿಯಾದೊಡನೆ ಊರ ಬಾಗಿಲಿಗೆ ಬೀಗ ಹಾಕುತ್ತಿದ್ದರೆಂದು ಓದಿದ ನೆನಪು. ನಿಜವೇ? — ನಿವೃತ್ತ ಇತಿಹಾಸ ಶಿಕ್ಷಕ, ಧಾರವಾಡ

ನಿಜ ಮೇಷ್ಟ್ರೇ. ಇದಕ್ಕೆ ಉತ್ರ ಬರೆಯೋಕೆ ನಂಗೆ ಎಲ್ಲಕ್ಕಿಂತ ಖುಷಿ. ಅದು ಊರಿಗಿಂತ ಮೊದ್ಲು ಕೋಟೆ. ಸೂರ್ಯ ಮುಳುಗೋ ಹೊತ್ತಿಗೆ ಒಂದು ಫಿರಂಗಿ ಹಾರಿಸೋರು, ಅದಾದ್ಮೇಲೆ ಬಾಗ್ಲು ಬಂದ್. ಪರ್ಮಿಟ್ ಇಲ್ದಿರೋ ಪರದೇಶಿಗಳೆಲ್ಲ ಅಷ್ಟ್ರೊಳಗೆ ಜಾಗ ಖಾಲಿ ಮಾಡ್ಬೇಕು. ಅಂದ್ರೆ ಹಗಲು ಬಂದು ದುಡಿಯೋಕೆ ಯಾರಾದ್ರೂ ಆಗ್ಬಹುದು, ರಾತ್ರಿ ಮಾತ್ರ ಒಳಗಿನೋರಿಗೆ. ಇವತ್ತಿಗೂ ದಿನಾ ಸುಮಾರು 15 ಸಾವಿರ ಜನ ಗಡಿ ದಾಟಿ ಕೆಲ್ಸಕ್ಕೆ ಬಂದು ಸಂಜೆ ಹೋಗ್ತಾರೆ, ಫಿರಂಗಿ ಬದ್ಲು ಈಗ ಬಾಡಿಗೆ ಅವ್ರನ್ನ ಹೊರಗೆ ಕಳ್ಸುತ್ತೆ.

1779ರಿಂದ 1783ರ ತನಕ ಸ್ಪೇನ್, ಫ್ರಾನ್ಸ್ ಸೇರಿ ಮುತ್ತಿಗೆ ಹಾಕಿದಾಗ ಗವರ್ನರ್ ಆಗಿದ್ದ ಜನರಲ್ ಎಲಿಯಟ್ ಆ ಬಾಗಿಲಿನ ಕೀಲಿಕೈ ಸೊಂಟದಿಂದ ತೆಗೀತಾನೇ ಇರ್ಲಿಲ್ವಂತೆ, ಮಲಗುವಾಗ್ಲೂ ಜೊತೇಲೇ ಅಂತ ಪ್ರತೀತಿ. ಆ ಬೀಗ ಹಾಕೋ ಶಾಸ್ತ್ರಾನ ಈಗ್ಲೂ ಕೇಸ್‌ಮೇಟ್ಸ್ ಚೌಕದಲ್ಲಿ ಆಗಾಗ ಆಡಿ ತೋರಿಸ್ತಾರೆ. ಕಾವಲಿನೋನು "ನಿಲ್ಲು, ಯಾರದು?" ಅಂತಾನೆ. "ಕೀಲಿಕೈ." "ಯಾರ ಕೀಲಿಕೈ?" "ದೊರೆಯ ಕೀಲಿಕೈ." ಇಷ್ಟೇ ಮಾತು. ನಂಗೆ ಪ್ರತಿ ಸಲ ಮೈ ಜುಂ ಅನ್ನೋದು.

ಬಾಗ್ಲು ನಿಜವಾಗಿ ಮುಚ್ಚಿದ್ದು ಆಮೇಲೆ. 1969ರ ಜೂನಲ್ಲಿ ಸ್ಪೇನ್‌ನ ಸರ್ವಾಧಿಕಾರಿ ಫ್ರಾಂಕೊ ತನ್ನ ಕಡೆಯಿಂದ ಗೇಟ್ ಹಾಕ್ಬಿಟ್ಟ. ರಾತ್ರಿ ಮಾತ್ರ ಅಲ್ಲ, ಹಗಲೂ. ಆಚೆ ಕೆಲ್ಸಕ್ಕೆ ಹೋಗ್ತಿದ್ದ ಸಾವಿರಾರು ಜನ ಒಂದೇ ದಿನಕ್ಕೆ ಬೀದಿಗೆ ಬಿದ್ರು, ಫೆರಿ ನಿಲ್ತು, ಟೆಲಿಫೋನ್ ತಂತಿನೂ ಕತ್ತರಿಸಿದ್ರು. ಅಕ್ಕ ಈ ಕಡೆ ತಂಗಿ ಆ ಕಡೆ. ನಮ್ಮ ಮನೆ ಓನರಮ್ಮ ಹೇಳೋರು, ಗೇಟಿನ ಹತ್ರ ಹೋಗಿ ನಿಂತು ಕಿರುಚಿ ಮಾತಾಡೋದಂತೆ, ಎಲ್ರೂ ಒಟ್ಟಿಗೇ ಕಿರುಚೋದ್ರಿಂದ ಯಾರದ್ದು ಯಾರಿಗೂ ಕೇಳ್ತಿರ್ಲಿಲ್ವಂತೆ, ಅದಕ್ಕೆ ಹುಟ್ಟಿದ ಮಗೂನ ಎರಡೂ ಕೈಲಿ ಎತ್ತಿ ಹಿಡ್ದು ತೋರ್ಸೋದು, ಗಂಡೋ ಹೆಣ್ಣೋ ಅಂತ ಬಟ್ಟೆ ಬಣ್ಣದಲ್ಲೇ ತಿಳ್ಕೊಳೋದು.

1982ರ ಡಿಸೆಂಬರ್ 15, ಮಧ್ಯರಾತ್ರಿ, ನಡ್ಕೊಂಡು ಹೋಗೋರಿಗೆ ಅಂತ ಗೇಟ್ ತೆಗೆದ್ರು. ವಾಹನ ಗೀಹನ ಎಲ್ಲದಕ್ಕೂ ತೆಗ್ದಿದ್ದು 1985ರ ಫೆಬ್ರವರಿಗೆ. ಓನರಮ್ಮ ಆ ಮಧ್ಯರಾತ್ರಿ ನಡುಗೋ ಚಳೀಲಿ ಹೋಗಿ ನಿಂತಿದ್ರಂತೆ, ಆಚೆ ಹೋಗಿ ಏನ್ ಮಾಡಿದ್ರಿ ಅಂತ ಕೇಳ್ದೆ. "ಏನ್ ಮಾಡೋದು, ಎಲ್ಲಾ ಮುಚ್ಚಿತ್ತು, ಮೈನ್ ಸ್ಟ್ರೀಟಲ್ಲಿ ಒಂದು ಸುತ್ತು ನಡ್ದು ಬಂದೆ" ಅಂದ್ರು.

ಪ್ರಶ್ನೆ: ಅಕ್ಕ, ಹೋದ್ಸಲ ಕಡ್ಲೆಹಿಟ್ಟಿನ ಒಂದು ತಿಂಡಿ ಹೆಸರು ಹೇಳಿ ಬಿಟ್ಬಿಟ್ರಿ. ಮಾಡೋದು ಹೆಂಗೆ? — ಶಿವಮೊಗ್ಗ

ಕಲೆಂಟೀಟಾ. ಜಿಬ್ರಾಲ್ಟರ್‌ನ ರಾಷ್ಟ್ರೀಯ ತಿಂಡಿ ಅಂತಾನೇ ಅನ್ಬಹುದು, ಅದರ ಹೆಸರಲ್ಲೇ ಬೇಸಿಗೇಲಿ ಕೇಸ್‌ಮೇಟ್ಸಲ್ಲಿ ರಾತ್ರಿಯೆಲ್ಲ ಊಟದ ಜಾತ್ರೆ ಮಾಡಿದಾರೆ, ಮೊರಾಕೊ, ಯಹೂದಿ, ಇಂಡಿಯಾ ಎಲ್ಲಾ ಅಡುಗೆ ಅಂಗಡಿನೂ ಹಾಕ್ತಾರೆ. ಜಿನೋವಾದಿಂದ ಬಂದೋರು ತಂದ ತಿಂಡಿ ಅದು. ಹೆಸರಿನ ಅರ್ಥ "ಬಿಸಿಬಿಸಿ", ಹಿಂದೆ ಮಾರೋನು ಬೀದೀಲಿ ಹಂಗೆ ಕೂಗ್ತಿದ್ದ, ಕೂಗೇ ಹೆಸರಾಯ್ತು ಅಂತಾರೆ.

ಕಾಲು ಕಿಲೋ ಕಡ್ಲೆಹಿಟ್ಟಿಗೆ ಒಂದು ಲೀಟರ್ ನೀರು ಅಳತೆ, ಉಪ್ಪು, ಕಾಳುಮೆಣಸಿನ ಪುಡಿ. ಗಂಟಿಲ್ದಂಗೆ ಕಲಸಿ ರಾತ್ರಿ ಪೂರ್ತಿ ಬಿಡಿ, ನೀರು ನೀರಾಗಿ ಕಾಣುತ್ತೆ, ಹೆದರ್ಬೇಡಿ. ಓವನ್ 200 ಡಿಗ್ರಿಗೆ ಇಟ್ಟು ತಟ್ಟೇಲಿ ಆಲಿವ್ ಎಣ್ಣೆ ಧಾರಾಳವಾಗಿ ಹಾಕಿ ಮೊದ್ಲು ಎಣ್ಣೆ ಕಾಯ್ಬೇಕು, ಆಮೇಲೆ ಹಿಟ್ಟು ಸುರೀಬೇಕು, ಚೊರ್ ಅನ್ಬೇಕು. ಒಂದು ಗಂಟೆ. ಮೇಲೆ ಕಂದು ಬಣ್ಣ ಬಂದು ಒಳಗೆ ಮೆತ್ತಗಿರುತ್ತೆ. ಅವ್ರು ಇಂಗು ಹಸಿಮೆಣಸಿನಕಾಯಿ ಹಾಕಲ್ಲ, ನಾನು ಹಾಕ್ತೀನಿ, ಜಿಬ್ರಾಲ್ಟರ್ ಫ್ರೆಂಡ್ ಒಬ್ಬಳಿಗೆ ಹಂಗೇ ಮಾಡಿ ಕೊಟ್ಟೆ, ಒಂದು ತುಂಡು ತಿಂದು "ಇದು ಕಲೆಂಟೀಟಾ ಅಲ್ಲ" ಅಂದ್ಲು, ಆಮೇಲೆ ಇನ್ನೂ ಮೂರು ತಿಂದ್ಲು.